ತೋರಣಗಲ್ಲಿನಿಂದ ಕರ್ನೂಲಿಗೆ ಅರ್ಧ ತಾಸು

ಅಂಗಡಿಯ ಬೀಗದ ಕೈಯನ್ನು ತಂಗಿಯ ಮಗಳಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇನೆ. ಆದರೂ ಮುಂಜಾನೆ ಎಚ್ಚರವಾದ ಕೂಡಲೇ ಕೈ ಫೋನನ್ನೇ ಹುಡುಕುತ್ತದೆ. ಇವತ್ತು ಯಾರದೋ ವಿಮಾನ, ಅವರಿನ್ನೂ ಮನೆ ಬಿಟ್ಟಿಲ್ಲ ಎಂದು ಎದೆ ಒಂದು ಸಲ ಧಸಕ್ಕೆನ್ನುತ್ತದೆ. ಆ ಚಿಂತೆ ಈಗ ನನ್ನದಲ್ಲ ಎಂಬುದು ಆಮೇಲೆ ನೆನಪಾಗುತ್ತದೆ. ನೆನಪಾದರೂ ಎದೆ ಸುಮ್ಮನಾಗಲು ಒಂದು ಲೋಟ ಚಹಾ ಬೇಕು.

ಬಳ್ಳಾರಿಯಲ್ಲಿ ಟಿಕೆಟ್ ಮಾಡಿಸಿ ಕೊಡುವ, ಗಾಡಿ ಗೊತ್ತುಮಾಡಿ ಕೊಡುವ ಅಂಗಡಿ ನನ್ನದು. ಮೊದಲು ರೈಲು, ಆಮೇಲೆ ಬಸ್ಸು, ಕಾರು, ಕೊನೆಗೆ ವಿಮಾನ. ಈಗ ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, ಕಮಿಷನ್ ಎಷ್ಟು ಉಳಿಯುತ್ತದೆ, ಯಾವ ಆ್ಯಪ್ ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನು ಯಾರಾದರೂ ಹೇಳಿಕೊಟ್ಟಾರು. ಯಾರೂ ಹೇಳಿಕೊಡದ ಒಂದು ಮಾತಿದೆ. ಗಿರಾಕಿ ತನ್ನ ಗಾಬರಿಯನ್ನು ತಂದು ನಮ್ಮ ಟೇಬಲ್ಲಿನ ಮೇಲೆ ಇಟ್ಟು, ಟಿಕೆಟ್ ತೆಗೆದುಕೊಂಡು, ಹಗುರಾಗಿ ಎದ್ದು ಹೋಗುತ್ತಾನೆ. ಅವನು ಮುಟ್ಟಬೇಕಾದ ಊರು ಮುಟ್ಟುವವರೆಗೆ ಆ ಗಾಬರಿ ನಮ್ಮ ಹತ್ತಿರವೇ ಇರುತ್ತದೆ. ಅದನ್ನು ಹೊರಲು ಆಗುವವರು ಮಾತ್ರ ಬನ್ನಿ. ಆಗದವರಿಗೆ ಮೊಬೈಲ್ ಕವರಿನ ಅಂಗಡಿ ಒಳ್ಳೆಯದು.

ನಾನು ಈ ದಾರಿಗೆ ಬಂದದ್ದು ರೈಲು ನಿಲ್ದಾಣದ ಮುಂದಿನ ಕಟ್ಟೆಯಿಂದ. ಓದು ಬರಹ ಬಾರದವರಿಗೆ ರಿಸರ್ವೇಶನ್ ಅರ್ಜಿ ತುಂಬಿಕೊಡುತ್ತಿದ್ದೆ. ಅವರು ಕೊಟ್ಟಷ್ಟು ಕಾಸು, ಕೊಡದಿದ್ದರೆ ಒಂದು ನಮಸ್ಕಾರ. ಒಂದು ದಿನ ವಯಸ್ಸಾದ ಒಬ್ಬರಿಗೆ ಕೆಳಗಿನ ಸೀಟು ಕೊಡಿಸಲು ಕಿಟಕಿಯ ಕ್ಲರ್ಕಿನ ಜೊತೆ ಜಗಳಕ್ಕೆ ಬಿದ್ದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಪಂಪಾಪತಿ ಶೆಟ್ಟರು ನೋಡುತ್ತಿದ್ದರು. ಅವರದು ಊರಿನಲ್ಲಿ ಹಳೆಯ ಟಿಕೆಟ್ ಅಂಗಡಿ.

“ಏನವ್ವಾ, ಆ ಮುದುಕ ನಿನಗ ಏನಾಗಬೇಕು? ಹಂಗ ಹೊಡದಾಡಿದ್ಯಲ್ಲ!”

“ಏನೂ ಆಗಬೇಕಿಲ್ರಿ. ಮೊಣಕಾಲು ಬ್ಯಾನಿ ಅಂದ. ಮ್ಯಾಲ ಹತ್ತಾಕ ಆಗಂಗಿಲ್ಲ.”

“ನಾಳಿಂದ ನನ್ನ ಅಂಗಡಿಗೆ ಬಾ. ಅಲ್ಲೂ ಜಗಳ ಭಾಳ ಅದಾವು.”

“ಬರ್ತೀನ್ರಿ. ಆದ್ರ ಫ್ಯಾನಿನ ಕೆಳಗ ಕೂಡ್ರಸಬೇಕು. ಎರಡು ಹೊತ್ತು ಚಹಾ ನಿಮ್ಮದು.”

“ಇನ್ನಾ ಒಳಗ ಕಾಲಿಟ್ಟಿಲ್ಲ, ಫ್ಯಾನಿಗೆ ಬಂದ್ಲು ನೋಡು ಈಕಿ!” ಎಂದು ನಕ್ಕರು. ಫ್ಯಾನೂ ಸಿಕ್ಕಿತು, ಚಹಾನೂ ಸಿಕ್ಕಿತು. ಕೇಳುವುದಕ್ಕೆ ನಾಚಬೇಡಿ. ಕೇಳದವರಿಗೆ ಬಿಸಿಲು ಬೀಳುವ ಮೂಲೆಯೇ ಗತಿ.

ಶೆಟ್ಟರ ಅಂಗಡಿಯ ಗೋಡೆಯ ಮೇಲೆ ಒಂದು ದೊಡ್ಡ ನಕಾಶೆ ಇತ್ತು. ಬಳ್ಳಾರಿಯ ಮೇಲೆ ಒಂದು ಮೊಳೆ, ಮೊಳೆಗೆ ಸುತ್ತಿದ ಹುರಿ. ಯಾರಾದರೂ ದೂರ ಕೇಳಿದರೆ ಶೆಟ್ಟರು ಎದ್ದು ಆ ಹುರಿಯನ್ನು ರಸ್ತೆಯ ಗೆರೆಯ ಮೇಲೆ ಬೆರಳಿನಿಂದ ಒತ್ತುತ್ತಾ, ತಿರುವಿನಲ್ಲಿ ತಿರುಗಿಸುತ್ತಾ ಇಡುತ್ತಿದ್ದರು. ಆಮೇಲೆ ಹುರಿಯನ್ನು ಎತ್ತಿ ಅಳೆಯುತ್ತಿದ್ದರು. ನಾನು ಬಂದ ಹೊಸತರಲ್ಲಿ ಅಷ್ಟೆಲ್ಲ ಯಾಕೆ ಎಂದು ಮೊಳೆಯಿಂದ ನೇರ ಎಳೆದು ಅಳೆದೆ. ಶೆಟ್ಟರು ಹುರಿಯನ್ನು ಕೈಯಿಂದ ಕಿತ್ತುಕೊಂಡರು.

“ಹಂಗ ಹೋಗಾವು ಕಾಗಿ. ನಿನ್ನ ಗಿರಾಕಿ ಕಾಗಿ ಏನು?”

ಆಮೇಲೆ ಊರಿಗೆ ವಿಮಾನ ಬಂತು. ಊರಿಗೆ ಎಂದರೆ ತೋರಣಗಲ್ಲಿನ ಹತ್ತಿರದ ಸಣ್ಣ ನಿಲ್ದಾಣಕ್ಕೆ. ರೆಕ್ಕೆಯ ಮೇಲೆ ಪಂಖ ತಿರುಗುವ ಪುಟ್ಟ ವಿಮಾನ. ಒಮ್ಮೊಮ್ಮೆ ಇರುತ್ತಿತ್ತು, ಒಮ್ಮೊಮ್ಮೆ ತಿಂಗಳುಗಟ್ಟಲೆ ಇರುತ್ತಿರಲಿಲ್ಲ. ಶೆಟ್ಟರು ಅಷ್ಟರಲ್ಲಿ ಅಂಗಡಿಯನ್ನು ನನಗೇ ಬಿಟ್ಟುಕೊಟ್ಟು ಮಗನ ಮನೆ ಸೇರಿದ್ದರು. ನಕಾಶೆ ಹೋಗಿ ಕಂಪ್ಯೂಟರ್ ಬಂದಿತ್ತು. ಈಗಿನವರು ನಂಬಲಿಕ್ಕಿಲ್ಲ, ಕಂಪ್ಯೂಟರ್ ಬಂದಮೇಲೆ ನನ್ನ ಕೆಲಸ ಸುಲಭವಾಯಿತು, ಚಿಂತೆ ಮಾತ್ರ ದುಪ್ಪಟ್ಟಾಯಿತು. ರೈಲು ತಡವಾಗುತ್ತಿತ್ತು, ಬಸ್ಸು ಕೈ ತೋರಿಸಿದಲ್ಲಿ ನಿಲ್ಲುತ್ತಿತ್ತು. ವಿಮಾನ ಯಾರ ಮುಖವನ್ನೂ ನೋಡುವುದಿಲ್ಲ.

ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿಯ ಗೌಡರು ಇದನ್ನು ನನಗೆ ಕಲಿಸಿದರು. ಹೈದರಾಬಾದಿಗೆ ಅವರಿಗೆ ಮೊದಲ ವಿಮಾನ. ಮನೆಯಿಂದ ತೋರಣಗಲ್ಲಿಗೆ ಎಷ್ಟು ಹೊತ್ತು, ಹಾರುವುದು ಎಷ್ಟು ಹೊತ್ತು ಎಂದು ಇಬ್ಬರೂ ಸೇರಿ ಲೆಕ್ಕ ಹಾಕಿದ್ದೆವು. ಆದರೆ ಮನೆ ಬಿಡಲು ರಾಹುಕಾಲ ಕಳೆಯಬೇಕಿತ್ತು. ಅದು ಕಳೆದು ಹೊರಟರೆ ದಾರಿಯಲ್ಲಿ ಕುರುಗೋಡು. ಆ ಕಡೆಯವರು ಹೊಸದೇನು ಹಿಡಿದರೂ, ಹೊಸ ಟ್ರ್ಯಾಕ್ಟರ್ ಆಗಲಿ, ಹೊಸ ಸೊಸೆಯಾಗಲಿ, ಕುರುಗೋಡು ದಾಟುವಾಗ ಬಸವಣ್ಣನಿಗೆ ಕಾಯಿ ಒಡೆಸದೆ ಮುಂದೆ ಹೋಗುವುದಿಲ್ಲ. ಮೊದಲ ವಿಮಾನ ಎಂದಮೇಲೆ ಕೇಳಬೇಕೆ. ಗೌಡರ ಹಿಂದೆ ಕಳಿಸಲು ಬಂದವರ ಎರಡು ಜೀಪು. ಎಲ್ಲರೂ ಇಳಿದು, ಎಲ್ಲರದೂ ಕಾಯಿ ಒಡೆಸಿ, ಎಲ್ಲರೂ ಮಂಗಳಾರತಿ ತೆಗೆದುಕೊಂಡು ತೋರಣಗಲ್ಲು ಮುಟ್ಟುವ ಹೊತ್ತಿಗೆ ವಿಮಾನ ಹಾರಿಹೋಗಿತ್ತು. ಗೌಡರು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

“ಏನ್ ನೀಲಕ್ಕ, ಐದು ನಿಮಿಷ ನಿಂದ್ರಸಾಕ ಆಗಲಿಲ್ಲೇನು ನಿಮಗ? ಒಂದು ಫೋನ್ ಹಚ್ಚಿದ್ರ ಆಗ್ತಿತ್ತಲ್ಲ.”

“ಗೌಡ್ರ, ಅದು ನಿಮ್ಮೂರ ಟಂಟಂ ಆಟೋ ಅಲ್ರಿ. ಡ್ರೈವರ್ ನಂಬರ್ ನನ್ನ ಹತ್ರ ಇಲ್ಲ.”

“ಕಾಯಿ ಒಡಸಬಾರದಿತ್ತೇನು ಹಂಗಾರ?”

“ಒಡಸ್ರಿ. ಹಿಂದಿನ ದಿನ ಬಂದು ಒಡಸ್ಕೊಂಡು ಹೋಗ್ರಿ!”

ಅಂದಿನಿಂದ ಸಿರುಗುಪ್ಪದ ಕಡೆಯವರಿಗೆ ಹೊರಡುವ ಹೊತ್ತು ಹೇಳುವಾಗ ಕಾಯಿ ಹೊತ್ತು ಎಂದು ಒಂದಷ್ಟನ್ನು ಸೇರಿಸಿಯೇ ಹೇಳುತ್ತಿದ್ದೆ. ಮನಸ್ಸಿನಲ್ಲಿ ಬೈದುಕೊಂಡೇ ಸೇರಿಸುತ್ತಿದ್ದೆ. ವಿಮಾನದ ಯುಗ ಬಂದರೂ ಈ ಕಾಯಿ ಬಿಡಲಿಲ್ಲವಲ್ಲ ಎಂದು.

ಇನ್ನೊಂದು ಪಾಠವನ್ನು ನಾನೇ ಕಂಡುಕೊಂಡೆ. ಪ್ರಯಾಣದ ದಿನ ಪ್ರತಿ ಗಿರಾಕಿಗೂ ಫೋನ್ ಮಾಡಬೇಕು. ಮಾಡಿ, ಎಲ್ಲಿದ್ದೀರಿ ಎಂದು ಮಾತ್ರ ಕೇಳಬಾರದು. ಎಲ್ಲಿದ್ದೀರಿ ಎಂದರೆ ಎಲ್ಲರದೂ ಒಂದೇ ಉತ್ತರ, “ಬಂದ್ವಿ ಬಂದ್ವಿ, ಬಂದೇ ಬಿಟ್ವಿ.” ಮನೆಯಲ್ಲಿ ಬಚ್ಚಲಿನಿಂದ ಹೊರಗೆ ಬಾರದವನೂ ಹಾಗೆಯೇ ಹೇಳುತ್ತಾನೆ. ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ ಪಾಪ, ಎದುರಿನವರಿಗೆ ಸಮಾಧಾನವಾಗಲಿ ಎಂದು ಹೇಳುತ್ತಾನೆ. ಅದಕ್ಕೆ ನಾನು ಕೇಳುವುದು, “ಕಣ್ಣಿಗೆ ಏನು ಕಾಣ್ತೈತಿ?” ಈ ಪ್ರಶ್ನೆಗೆ ಥಟ್ಟನೆ ಸುಳ್ಳು ಹೊಳೆಯುವುದಿಲ್ಲ. ಪೆಟ್ರೋಲ್ ಬಂಕು ಕಾಣುತ್ತದೆ, ಎಮ್ಮೆ ಕಾಣುತ್ತದೆ, ಚಿಮಣಿ ಕಾಣುತ್ತದೆ ಎಂದು ಇದ್ದದ್ದನ್ನು ಹೇಳಿಬಿಡುತ್ತಾರೆ. ಬಾಕಿ ಲೆಕ್ಕ ನನಗೆ ಗೊತ್ತು.

ಈ ಪ್ರಶ್ನೆ ಹುಟ್ಟಿದ್ದೇ ಹುಲಿಗೆಮ್ಮನ ಸಲುವಾಗಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹುಲಿಗೆಮ್ಮ ಸಿರುಗುಪ್ಪದಾಚೆ ಆಂಧ್ರದ ಗಡಿಯಲ್ಲಿರುವ ಹಚ್ಚೊಳ್ಳಿಯ ಹುಡುಗಿ. ಬಳ್ಳಾರಿಯಲ್ಲಿ ನರ್ಸಿಂಗ್ ಓದಿದವಳು. ಓದುವಾಗ ರಜೆಗೆ ಊರಿಗೆ ಹೋಗುವ ಮುನ್ನ ನನ್ನ ಅಂಗಡಿಯಲ್ಲಿ ಚೀಲ ಇಟ್ಟು ಪೇಟೆ ತಿರುಗಿ ಬರುತ್ತಿದ್ದಳು, ಹಾಗೆ ಪರಿಚಯ. ತಂದೆ ಇಲ್ಲ. ತಾಯಿ ಬೇರೆಯವರ ಗದ್ದೆಯಲ್ಲಿ ಭತ್ತ ನಾಟಿ ಮಾಡುವವಳು. ಓದಿಸಿದ್ದು ಸೋದರಮಾವ ಮಾರೆಪ್ಪ. ತೋರಣಗಲ್ಲಿನ ಕಡೆ ಲಾರಿ ಓಡಿಸಿ ಬಂದವನು, ಆದ್ದರಿಂದ ಲೋಕ ಕಂಡವನು ಎಂದು ಆ ಮನೆಯಲ್ಲಿ ಹೆಸರು.

ಒಂದು ಮಧ್ಯಾಹ್ನ ಇಬ್ಬರೂ ಏದುಸಿರು ಬಿಡುತ್ತಾ ಅಂಗಡಿಗೆ ಬಂದರು. ವಿಶಾಖಪಟ್ಟಣದ ಒಂದು ದೊಡ್ಡ ಆಸ್ಪತ್ರೆಯಿಂದ ಕರೆ ಬಂದಿತ್ತು. ನಾಡಿದ್ದು ಬೆಳಿಗ್ಗೆ ಮೂಲ ಪ್ರಮಾಣಪತ್ರಗಳ ಸಮೇತ ಎದುರಿಗೆ ನಿಂತು ಕೆಲಸಕ್ಕೆ ಸೇರಬೇಕು. ಬಾರದಿದ್ದರೆ ಕೆಲಸ ಸಾಲಿನಲ್ಲಿ ಹಿಂದೆ ನಿಂತವರಿಗೆ.

“ಒಂದು ದಿನ ಕೇಳಿ ನೋಡಬೇಕಿತ್ತು,” ಎಂದೆ. ಬಾಯಿಗೆ ಬಂದ ಚೌಕಾಸಿ.

“ಕೇಳಾಕ ಬಾಯಿ ಬರಲಿಲ್ಲಕ್ಕ. ನನಗ ಸಿಕ್ಕಿದ್ದೂ ಹಂಗ. ನನ್ನ ಮುಂದ ಇದ್ದಾಕಿ ಹೇಳಿದ ದಿನ ಬರಲಿಲ್ಲಂತ,” ಎಂದಳು ಹುಲಿಗೆಮ್ಮ. ಆ ಇನ್ನೊಬ್ಬ ಹುಡುಗಿಯ ಗತಿ ಏನಾಯಿತೋ ಎಂಬ ಕಳವಳ ಅವಳ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿತ್ತು.

ರೈಲಿನಲ್ಲಿ ಸೀಟು ಇರಲಿಲ್ಲ. ಬಸ್ಸಿಗೆ ಹೊತ್ತು ಸಾಲದು. ಕರ್ನೂಲಿನ ಹೊಸ ನಿಲ್ದಾಣದಿಂದ ವಾರದಲ್ಲಿ ಕೆಲವು ದಿನ ವಿಶಾಖಪಟ್ಟಣಕ್ಕೆ ವಿಮಾನವಿತ್ತು. ನೋಡಿದೆ, ಮರುದಿನ ಮಧ್ಯಾಹ್ನದ್ದು ಸಿಕ್ಕಿತು. ಹಚ್ಚೊಳ್ಳಿಯವರಿಗೆ ಕರ್ನೂಲು ದೂರವಲ್ಲ. ಆದೋನಿ ದಾಟಿ ಹೋದರೆ ಊಟದ ಹೊತ್ತಿಗೆ ಮುಂಚೆಯೇ ಮುಟ್ಟಬಹುದು. ಟಿಕೆಟ್ ಮಾಡಿದೆ.

“ಕರ್ನೂಲಿನ ತನಕ ಗಾಡಿ ಹೇಳಲೇನು ಮಾರೆಪ್ಪ?”

“ಬ್ಯಾಡಕ್ಕ. ಅಲ್ಲಿತನಕ ಮುಟ್ಟಿಸೋದು ನನ್ನ ಜವಾಬ್ದಾರಿ. ಎಲ್ಲಾ ನೋಡಿಟ್ಟೀನಿ,” ಎಂದು ಅಂಗಿಯ ಜೇಬಿನ ಫೋನನ್ನು ತಟ್ಟಿದ.

ಗಡಿಯ ಊರಿನವರಿಗೆ ಆಂಧ್ರದಲ್ಲಿ ಬೀಗರು ನೆಂಟರು ಇದ್ದೇ ಇರುತ್ತಾರೆ, ಯಾರದೋ ಗಾಡಿ ಇರಬೇಕು ಎಂದುಕೊಂಡೆ. ಬೆಳಕು ಹರಿಯುತ್ತಲೇ ಮನೆ ಬಿಡಿ ಎಂದು ಮೂರು ಸಲ ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಕಸ ಹೊಡೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹುಲಿಗೆಮ್ಮನಿಗೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಅವರು ಆದೋನಿಯಲ್ಲಿ ನಾಷ್ಟಾ ಮಾಡುತ್ತಿರಬೇಕು.

“ಏನು ಕಾಣ್ತೈತಿ ಹುಲಿಗಿ?”

“ಬಸವಣ್ಣ ಕಾಣಾಕತ್ತಾನಕ್ಕ!”

“ಯಾವ ಬಸವಣ್ಣ?”

“ಕುರುಗೋಡು ಬಸವಣ್ಣ. ಅಜ್ಜಿ ಕಾಯಿ ಒಡಸಾಕತ್ತಾಳ.”

ಕರ್ನೂಲು ಅವರ ಊರಿಗೆ ಪೂರ್ವಕ್ಕೆ. ಕುರುಗೋಡು ಸಿರುಗುಪ್ಪ ದಾಟಿ ಇತ್ತ ಕಡೆಗೆ, ಬಳ್ಳಾರಿಯ ದಾರಿಯಲ್ಲಿ. ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ ಅವರು ಅಷ್ಟು ದೂರ ಬಂದಿದ್ದರು.

“ಮಾರೆಪ್ಪಗ ಕೊಡು ಫೋನು.”

“ಹೇಳಕ್ಕ.” ಮಾರೆಪ್ಪನ ದನಿಯಲ್ಲಿ ಗೆಲುವಿತ್ತು.

“ಕುರುಗೋಡಿನಾಗ ಏನು ಮಾಡಾಕತ್ತೀರಿ?”

“ತೋರಣಗಲ್ಲಿಗೆ ಹೊಂಟೀವಿ. ಅಲ್ಲಿಂದ ವಿಮಾನದಾಗ ಕರ್ನೂಲಿಗೆ, ಅರ್ಧ ತಾಸು. ಅಲ್ಲೇ ಇಳದು ಆ ದೊಡ್ಡ ವಿಮಾನ ಹತ್ತಿದ್ರಾತು. ಹುಡುಗಿ ಆದೋನಿ ರಸ್ತ್ಯಾಗ ಧೂಳು ಕುಡಕೊಂತ ಯಾಕ ಹೋಗಬೇಕು? ನೌಕರಿಗೆ ಹೊಂಟಾಳ.”

“ಆ ವಿಮಾನಕ್ಕ ಟಿಕೆಟ್ ಎಲ್ಲೈತಿ?”

“ಅಲ್ಲೇ ತಗೋತೀವಿ. ಬಸ್ ಸ್ಟ್ಯಾಂಡಿಗೆ ಹೋದ್ರ ಬಸ್ಸಿಗೆ ಟಿಕೆಟ್ ಸಿಗಂಗಿಲ್ಲೇನು?”

“ಅರ್ಧ ತಾಸು ಅಂತ ಯಾರು ಹೇಳಿದ್ರು ನಿನಗ?”

“ಫೋನಿನಾಗ ಬರದೈತಕ್ಕ. ನಾನಽ ಓದೀನಿ.”

ಕಂಪ್ಯೂಟರಿನಲ್ಲಿ ತೋರಣಗಲ್ಲು ಕರ್ನೂಲು ಎರಡೂ ನಿಲ್ದಾಣಗಳ ಹೆಸರು ಬರೆದು ನೋಡಿದೆ. ಬಂತು. ಎರಡರ ನಡುವೆ ಇಷ್ಟು ದೂರ, ಹಾರಲು ಸುಮಾರು ಅರ್ಧ ತಾಸು. ಕೆಳಗೆ ಒಂದು ನಕಾಶೆ, ಅದರ ಮೇಲೆ ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಳೆದ ನೇರ ಗೆರೆ. ಶೆಟ್ಟರು ನನ್ನ ಕೈಯಿಂದ ಕಿತ್ತುಕೊಂಡ ಹುರಿಯೇ ಅಲ್ಲಿ ನೀಲಿ ಬಣ್ಣದಲ್ಲಿ ಮಲಗಿತ್ತು. ಅದು ಹಾದುಹೋಗಿದ್ದು ಹೆಚ್ಚುಕಡಿಮೆ ಕುರುಗೋಡಿನ ಗುಡ್ಡದ ಮೇಲೆಯೇ. ಅದರಲ್ಲಿ ಬರೆದದ್ದು ಯಾವುದೂ ಸುಳ್ಳಲ್ಲ. ವಿಮಾನ ಹಾರಿದರೆ ಅರ್ಧ ತಾಸೇ ಸೈ. ಆದರೆ ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ.

“ಮಾರೆಪ್ಪ, ಅಲ್ಲಿಂದ ಕರ್ನೂಲಿಗೆ ವಿಮಾನ ಇಲ್ಲ.”

ಆ ಕಡೆ ಗುಡಿಯ ಗಂಟೆ ಒಂದೆರಡು ಸಲ ಹೊಡೆಯಿತು.

“ಇಲ್ದಿದ್ರ ಎಷ್ಟೊತ್ತು ಅಂತ ಯಾಕ ಬರೀತಾರಕ್ಕ?”

ಈ ಕಸುಬಿಗೆ ಬರುವವರು ಇದೊಂದನ್ನು ಕಟ್ಟಿಟ್ಟುಕೊಳ್ಳಿ. ದೂರ ಎಷ್ಟು, ಹೊತ್ತು ಎಷ್ಟು ಎಂದು ಗಿರಾಕಿ ಕೇಳಿದರೆ, ಮೊದಲು ಯಾವ ದಿನ ಯಾವ ವಿಮಾನ ಇದೆ ಎಂದು ನೋಡಿ. ಅದು ಇದ್ದರೆ ಮಾತ್ರ ಬಾಕಿ ಮಾತು.

ಬೈಯಲು ಹೊತ್ತಿರಲಿಲ್ಲ. ಕುರುಗೋಡಿನಿಂದ ಕರ್ನೂಲಿಗೆ ಎರಡು ದಾರಿ. ಒಂದು ಬಳ್ಳಾರಿಗೆ ಬಂದು ಆಲೂರಿನ ಮೇಲೆ, ಇನ್ನೊಂದು ತಿರುಗಿ ಸಿರುಗುಪ್ಪಕ್ಕೆ ಹೋಗಿ ಆದೋನಿಯ ಮೇಲೆ. ಬಳ್ಳಾರಿಯ ರಸ್ತೆ ಚೆನ್ನ, ಆದರೆ ಊರೊಳಗಿನ ಗದ್ದಲದಲ್ಲಿ ಸಿಕ್ಕಿದರೆ ಮುಗಿಯಿತು. ಅವರು ಬಂದಿದ್ದ ಬಾಡಿಗೆ ಜೀಪಿನವನಿಗೆ ಆಂಧ್ರದ ಪರ್ಮಿಟ್ ಇರಲಿಲ್ಲ, ಗಡಿಯಲ್ಲಿ ಹಿಡಿದರೆ ಅಲ್ಲೇ ನಿಲ್ಲಬೇಕು. ನಾನು ಗೊತ್ತುಮಾಡುವ ಗಾಡಿಗಳಲ್ಲಿ ಪರ್ಮಿಟ್ ಇದ್ದದ್ದು ಡ್ರೈವರ್ ಖಾಸಿಮನದು. ಅವನು ಅವತ್ತು ಯಾರನ್ನೋ ಬಿಡಲು ಸಿರುಗುಪ್ಪಕ್ಕೆ ಹೋಗಿದ್ದ. ಜೀಪನ್ನು ಸಿರುಗುಪ್ಪಕ್ಕೇ ತಿರುಗಿಸಲು ಮಾರೆಪ್ಪನಿಗೆ ಹೇಳಿ ಅವನಿಗೆ ಫೋನ್ ಹಚ್ಚಿದೆ.

“ಖಾಸಿಂ, ಆದೋನಿ ರಸ್ತಿಗೆ ಮುಖ ಮಾಡಿ ಗಾಡಿ ನಿಂದ್ರಸು. ಎರಡು ಮಂದಿ ಬರ್ತಾರ. ಕರ್ನೂಲು ವಿಮಾನ. ಬಾಡಿಗಿ ನೀ ಹೇಳಿದ್ದು.”

“ಅಕ್ಕಾ, ಏನಾಗೈತಿ?”

“ಯಾಕಪ್ಪ?”

“ನೀವು ಚೌಕಾಸಿ ಮಾಡಲಿಲ್ಲ. ಅಂಜಿಕಿ ಬಂತು ನನಗ.”

ಅಂಜಿಕೆ ನನಗೂ ಬಂದಿತ್ತು. ಲೆಕ್ಕ ಹಾಕಿ ನೋಡಿದರೆ, ಎಲ್ಲೂ ನಿಲ್ಲದೆ ಓಡಿದರೂ ನಿಲ್ದಾಣದ ಬಾಗಿಲು ಮುಟ್ಟುವ ಹೊತ್ತೂ ಚೀಲ ತೆಗೆದುಕೊಳ್ಳುವ ಕೌಂಟರ್ ಮುಚ್ಚುವ ಹೊತ್ತೂ ಹತ್ತಿರ ಹತ್ತಿರ ಬರುತ್ತಿದ್ದವು. ಕೌಂಟರಿಗೆ ಹೋಗದಿದ್ದರೆ ಸ್ವಲ್ಪ ಹೊತ್ತು ಉಳಿಯುತ್ತದೆ. ಒಳಗೆ ಹೋಗುವ ಚೀಟಿಯನ್ನು ನಾನೇ ಇಲ್ಲಿಂದ ಮಾಡಿ ಅವಳ ಫೋನಿಗೆ ಕಳಿಸಬಹುದು. ಆದರೆ ಆಗ ಕೈಚೀಲ ಬಿಟ್ಟು ಬೇರೇನೂ ಇರಬಾರದು. ಮತ್ತೆ ಫೋನ್ ಮಾಡಿದೆ. ಜೀಪು ಆಗಲೇ ಸಿರುಗುಪ್ಪದ ಕಡೆ ಓಡುತ್ತಿತ್ತು, ಗಾಳಿಯ ಸದ್ದಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

“ಹುಲಿಗಿ, ಸಾಮಾನು ಏನೇನು ಐತಿ?”

“ಒಂದು ಟ್ರಂಕು, ಒಂದು ಚೀಲ, ಒಂದು ರೊಟ್ಟಿ ಡಬ್ಬಿ. ಅವ್ವ ತಿಂಗಳಿಗೆ ಆಗೋವಷ್ಟು ಬಡದಾಳಕ್ಕ.”

“ಟ್ರಂಕು ಬಿಡು. ಡಬ್ಬಿ ಬಿಡು. ಸರ್ಟಿಫಿಕೇಟು, ಆಧಾರ್, ಒಂದು ಜೊತೆ ಬಟ್ಟಿ. ಅಷ್ಟಽ.”

“ಡಬ್ಬಿ ಹ್ಯಾಂಗ ಬಿಡ್ಲಕ್ಕ? ಅವ್ವ ಇಲ್ಲೇ ಕುಂತಾಳ.”

ಅವಳ ತಾಯಿ ಫೋನು ತೆಗೆದುಕೊಂಡಳು. “ಅಕ್ಕಾರ, ಕೂಸು ಅಲ್ಲಿ ಏನು ತಿನ್ನಬೇಕ್ರಿ? ಬರೇ ಅನ್ನ ಅಂತ ಅಲ್ಲಿ.”

“ರೊಟ್ಟಿ ನಾ ಪಾರ್ಸಲ್ ಮಾಡ್ತೀನಿ ತಾಯಿ. ನಿನ್ನ ಮಗಳನ್ನ ಪಾರ್ಸಲ್ ಮಾಡಾಕ ಬರಂಗಿಲ್ಲ.”

ಆಮೇಲೆ, “ಮಾವಿನಕಾಯಿ ಚಟ್ನಿ ಒಂದರ?”

“ಅದೂ ಬ್ಯಾಡ. ಎಣ್ಣಿ ಐತಿ, ತಡೀತಾರ.”

ಆ ತಾಯಿ ಸಿರುಗುಪ್ಪದವರೆಗೆ ದಾರಿಯುದ್ದಕ್ಕೂ ಟ್ರಂಕಿನ ಬೀಗ ತೆಗೆದು, ಬೇಕಾದ್ದು ಬೇಡವಾದ್ದು ಬೇರೆ ಮಾಡಿದಳಂತೆ. ಓಡುವ ಜೀಪಿನಲ್ಲಿ ನರ್ಸಿನ ಬಿಳಿ ಬೂಟುಗಳು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗಿ ಕೊನೆಗೆ ಹುಲಿಗೆಮ್ಮನ ಕಾಲಿಗೇ ಬಂದವು. ಬುದ್ಧಿವಂತರ ಕೆಲಸ. ಚೀಲದಲ್ಲಿ ಅಷ್ಟು ಜಾಗ ಉಳಿಯಿತು.

ಖಾಸಿಮನ ಗಾಡಿಗೆ ಮಾವ ಸೊಸೆ ಇಬ್ಬರೇ ಹತ್ತಿದರು. ಅಜ್ಜಿ ಒಡೆದ ಕಾಯಿಯ ಅರ್ಧ ಹೋಳನ್ನು ಕಿಟಕಿಯಿಂದ ಒಳಗಿಟ್ಟಳು.

ಅಂಗಡಿಯಲ್ಲಿ ನನ್ನ ಕೆಲಸ ನಿಂತುಹೋಯಿತು. ತಿರುಪತಿ ಬಸ್ಸು ಕೇಳಲು ಬಂದ ದಂಪತಿಗೆ ಏನೇನೋ ಹೇಳಿದೆ. ಕರ್ನೂಲಿನಲ್ಲಿ ನನ್ನ ಹಾಗೆಯೇ ಟಿಕೆಟ್ ಮಾಡುವ ಪರಿಚಯದವರೊಬ್ಬರನ್ನು ಹಿಡಿದು, ಅವರಿಂದ ನಿಲ್ದಾಣದ ಕೌಂಟರಿನಲ್ಲಿ ಕೂರುವ ಒಬ್ಬ ಹುಡುಗನ ನಂಬರ್ ತೆಗೆದೆ. ತೆಲುಗಿನಲ್ಲಿ ಎಲ್ಲ ಹೇಳಿದೆ.

“ಗೇಟು ಮೂಸಾಕ ನೇನೇಂ ಚೇಯಲೇನಮ್ಮಾ,” ಎಂದ. ಗೇಟು ಮುಚ್ಚಿದ ಮೇಲೆ ಅವನೇನೂ ಮಾಡಲಾರ.

ಇಲ್ಲಿ ಹೊಸಬರು ತಪ್ಪುತ್ತಾರೆ. ವಿಮಾನ ನಿಲ್ಲಿಸಿ ಎಂದು ಅಳುತ್ತಾರೆ. ಎದುರಿನವನ ಕೈಯಲ್ಲಿ ಇಲ್ಲದ್ದನ್ನು ಕೇಳಿದರೆ ಅವನು ಫೋನಿಟ್ಟುಬಿಡುತ್ತಾನೆ. ನಾನು ಗೇಟಿನ ಮಾತೇ ಎತ್ತಲಿಲ್ಲ. ಬಿಳಿ ಬೂಟಿನ ಒಬ್ಬ ಹುಡುಗಿ ಓಡಿ ಬರುತ್ತಾಳೆ, ಅವಳನ್ನು ತಪಾಸಣೆಯ ಸಾಲಿನಲ್ಲಿ ಮುಂದಕ್ಕೆ ಬಿಡಲು ಹೇಳಿದರೆ ಸಾಕು, ಅಷ್ಟೇ ಎಂದೆ. ಅವನು, “ತೆಲ್ಲ ಬೂಟ್ಲಾ? ಸರೇ ಚೂಸ್ತಾನು,” ಎಂದ. ಬಿಳಿ ಬೂಟು, ನೋಡುತ್ತೇನೆ. ನೋಡುತ್ತೇನೆ ಎಂದವನನ್ನು ಇನ್ನಷ್ಟು ಎಳೆಯಬಾರದು. ಇಟ್ಟೆ.

ಆದೋನಿಯ ಹೊತ್ತಿಗೆ ಕೇಳಿದೆ, ಏನು ಕಾಣ್ತೈತಿ?

“ಹತ್ತಿ ಕಾಣ್ತೈತಕ್ಕ. ಬರೇ ಹತ್ತಿ. ಮುಂದ ಹತ್ತಿ ಲಾರಿ ನಿಂತಾವು, ಸರಿಯವಲ್ವು.” ಹಿಂದಿನಿಂದ ಖಾಸಿಂ ಕಿಟಕಿಯ ಹೊರಗೆ ತಲೆ ಹಾಕಿ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಕೂಗುತ್ತಿದ್ದ.

“ಅಕ್ಕಾ, ಸಿಗ್ತೈತೇನು?”

ಈ ಪ್ರಶ್ನೆಗೆ ಸಿಗುತ್ತದೆ ಎಂದು ಹೇಳಬಾರದು ಎಂಬುದು ನನ್ನ ನೇಮ. ಸಿಗದಿದ್ದರೆ ಆ ಮಾತು ಜೀವನವಿಡೀ ಅವರ ಕಿವಿಯಲ್ಲಿ ಉಳಿಯುತ್ತದೆ.

“ಫೋನಿನ ಚಾರ್ಜ್ ಎಷ್ಟೈತಿ?” ಎಂದು ಕೇಳಿದೆ.

“ಭಾಳ ಇಲ್ಲಕ್ಕ. ಮಾವ ರಾತ್ರೆಲ್ಲಾ ನನ್ನ ಫೋನಿನಾಗ ವಿಮಾನದ ವಿಡಿಯೊ ನೋಡ್ಯಾನ.”

“ಇಡು ಫೋನು. ಟಿಕೆಟ್ ನಂಬರ್ ಪೆನ್ನಿಲೆ ಅಂಗೈ ಮ್ಯಾಲ ಬರಕೋ. ಇನ್ನ ನಾ ಮಾರೆಪ್ಪಗ ಮಾಡ್ತೀನಿ.”

ಮಾರೆಪ್ಪ ಫೋನ್ ಎತ್ತಿದಾಗಲೆಲ್ಲ ಅವನ ಮಾತು ಚಿಕ್ಕದಾಗುತ್ತಾ ಬಂತು. ಲೋಕ ಕಂಡವನ ಗತ್ತು ಹಚ್ಚೊಳ್ಳಿಯ ಆಸುಪಾಸಿನಲ್ಲೇ ಇಳಿದುಹೋದಂತಿತ್ತು. “ಬೋರ್ಡು ಕಾಣ್ತೈತಿ. ಕರ್ನೂಲು ಅಂತೈತಿ.” ಆಮೇಲೆ ಬಹಳ ಹೊತ್ತಿನ ಮೇಲೆ, “ಊರು ಹಿಂದಾತಕ್ಕ. ಕಲ್ಲು ಕಾಣ್ತಾವು, ಬರೇ ಕಲ್ಲು.” ಆಮೇಲೆ, “ಬೇಲಿ ಕಾಣ್ತೈತಿ! ಒಳಗ ವಿಮಾನ ನಿಂತೈತಕ್ಕ, ನಿಂತೈತಿ! ಇನ್ನಾ ಐತಿ!”

“ನಿಂತಿದ್ರ ಏನಾತು, ಓಡ್ರಿ!”

ಫೋನು ಕಟ್ಟಾಯಿತು.

ಅದು ನನ್ನ ಕಸುಬಿನ ಅತಿ ಉದ್ದದ ಹೊತ್ತು. ಹುಲಿಗೆಮ್ಮನ ನಂಬರಿಗೆ ಮಾಡಿದೆ, ಸ್ವಿಚ್ ಆಫ್. ಒಳಗೆ ಕ್ಯಾಪ್ಟನ್ ಹೇಳಿದ್ದಕ್ಕೆ ಆಫ್ ಮಾಡಿದಳೋ, ಬಾಗಿಲಲ್ಲೇ ಚಾರ್ಜ್ ಮುಗಿದು ಚೀಟಿ ತೋರಿಸಲಾಗದೆ ನಿಂತಳೋ. ಕೌಂಟರಿನ ಹುಡುಗ ಎತ್ತಲಿಲ್ಲ. ಖಾಸಿಂ ಎತ್ತಿ, “ನಾ ಪಾರ್ಕಿಂಗಿನಾಗ ಅದೀನಕ್ಕ, ಅವರಿಬ್ರೂ ಓಡಿದ್ದು ನೋಡೀನಿ, ಅಷ್ಟಽ,” ಎಂದ. ಕಂಪ್ಯೂಟರಿನಲ್ಲಿ ನೋಡಿದರೆ ಆ ವಿಮಾನ ಹೊರಟಿತು ಎಂದು ಬಂತು. ವಿಮಾನ ಹೊರಟದ್ದು ಹೇಳುತ್ತದೆ, ಯಾರು ಒಳಗಿದ್ದಾರೆ ಯಾರು ಹೊರಗಿದ್ದಾರೆ ಹೇಳುವುದಿಲ್ಲ. ನನಗೆ ಕುರುಗೋಡಿನ ಗುಡಿಯ ನೆನಪಾಯಿತು. ಆ ಮುದುಕಿ ಕಾಯಿಗೆ ಹಟ ಹಿಡಿಯದಿದ್ದರೆ ನನ್ನ ಫೋನು ಹೋಗುವ ಹೊತ್ತಿಗೆ ಅವರು ತೋರಣಗಲ್ಲು ಮುಟ್ಟಿರುತ್ತಿದ್ದರು. ಅಲ್ಲಿಂದ ಹಿಂತಿರುಗುವ ಮಾತೇ ಇರಲಿಲ್ಲ. ಇಷ್ಟು ವರ್ಷ ನಾನು ಬೈದುಕೊಂಡ ಕಾಯಿ ಹೊತ್ತು ಅದು.

ಮಾರೆಪ್ಪನಿಗೆ ಮತ್ತೆ ಮಾಡಿದೆ. ಮತ್ತೆ. ಕೊನೆಗೆ ಎತ್ತಿದ. ಏದುಸಿರು ಬಿಡುತ್ತಿದ್ದ.

“ಮಾರೆಪ್ಪ, ಎಲ್ಲಿದೀಯೋ?” ಎಂದುಬಿಟ್ಟೆ. ನನ್ನ ನೇಮ ನಾನೇ ಮುರಿದೆ. ಆಮೇಲೆ ಸರಿಯಾಗಿ ಕೇಳಿದೆ, “ಏನು ಕಾಣ್ತೈತಿ?”

“ಏನೂ ಕಾಣವಲ್ದಕ್ಕ.”

“ಹುಲಿಗಿ ಎಲ್ಲಿ?” ಎಂದೆ.

“ಬಾಗಲದಾಗ ಯಾರೋ ಬಂದು ಅಕೀ ಬೂಟು ನೋಡಿ ಒಳಗ ಕರಕೊಂಡ್ರು. ಕೈಯಾಗಿದ್ದ ಕಾಯಿ ನನ್ನ ಕೈಗೆ ಕೊಟ್ಟು ಓಡಿದ್ಲು, ತಿರುಗಿ ಸೈತ ನೋಡ್ಲಿಲ್ಲ. ಈಗ ಬೇಲಿ ಹತ್ರ ನಿಂತೀನಿ. ಬಿಳಿ ಬೂಟು ವಿಮಾನದ ಮೆಟ್ಲು ಹತ್ತಿದ್ದು ಇಲ್ಲಿಂದನಽ ನೋಡೀನಿ. ಇಲ್ಲೇ ಮ್ಯಾಲ ಇತ್ತಕ್ಕ, ಹದ್ದಿನಷ್ಟು ಇತ್ತು, ಗುಬ್ಬಿಯಷ್ಟು ಆತು. ಈಗ ಬರೇ ಮುಗಿಲು ಐತಿ.”